ಫೋನಿನ ರಕ್ಷಣಾ ಯೋಜನೆ: ಕೊಳ್ಳಬೇಕೆ, ಬೇಡವೆ?

ನಾಸಿಕ ಜಿಲ್ಲೆಯ ನಿಫಾಡ ತಾಲ್ಲೂಕಿನಲ್ಲಿ, ಮುಂಬಯಿಯಿಂದ ಆಗ್ರಾಕ್ಕೆ ಹೋಗುವ ಹೆದ್ದಾರಿಯ ಮೇಲೆ, ಪಿಂಪಳಗಾಂವ್ ಬಸವಂತ್ ಎಂಬ ಪೇಟೆಯೂರಿದೆ. ನಾಸಿಕ ನಗರದಿಂದ ಅಲ್ಲಿಗೆ ಸುಮಾರು ೩೦ ಕಿಲೋಮೀಟರು ದೂರ. ಈರುಳ್ಳಿ, ಟೊಮೆಟೊ ಮತ್ತು ದ್ರಾಕ್ಷಿಯ ವ್ಯಾಪಾರಕ್ಕೆ ಈ ಊರು ಹೆಸರಾಗಿದೆ. ನಮ್ಮ ವಿಜಯಪುರ ಜಿಲ್ಲೆಯಂತೆ ಇದೂ ದ್ರಾಕ್ಷಿಯ ನಾಡು. ಇಂತಹ ಊರಿನಲ್ಲಿ ಸ್ಮಾರ್ಟ್‌ಫೋನು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಬೆಳೆಗಾರನು ಮಾರುಕಟ್ಟೆಯ ಧಾರಣೆಯನ್ನು ಅದರಲ್ಲಿ ನೋಡುತ್ತಾನೆ. ಲಾರಿಯ ಚಾಲಕನು ಅದರಲ್ಲಿ ದಾರಿಯನ್ನು ತಿಳಿಯುತ್ತಾನೆ. ಕೂಲಿಯವನಿಗೆ ನಾಳೆಯ ಕೆಲಸದ ಕರೆಯೂ ಇಂದಿನ ಕೂಲಿಯ ಹಣವೂ ಅದರ ಮೂಲಕವೇ ಬರುತ್ತವೆ. ನೇಗಿಲು ಮುರಿದರೆ ಉಳುಮೆ ನಿಲ್ಲುವಂತೆ, ಫೋನು ಒಡೆದರೆ ಸಂಸಾರದ ಕೆಲಸ ನಿಲ್ಲುವ ಕಾಲವಿದು.

ಆದುದರಿಂದಲೇ ಹೊಸ ಫೋನನ್ನು ಕೊಳ್ಳಲು ಅಂಗಡಿಗೆ ಹೋದವನ ಮುಂದೆ ಹಣ ಎಣಿಸುವ ಹೊತ್ತಿಗೆ ಸರಿಯಾಗಿ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: “ಇನ್ನೊಂದೂವರೆ ಸಾವಿರ ಕೊಟ್ಟರೆ ಒಂದು ವರ್ಷ ಏನಾದರೂ ಚಿಂತೆಯಿಲ್ಲ, ರಕ್ಷಣಾ ಯೋಜನೆಯನ್ನು ಸೇರಿಸಲೆ?” ಕೊಳ್ಳುವವನಿಗೆ ವಿಚಾರಮಾಡಲು ವ್ಯವಧಾನವಿರುವುದಿಲ್ಲ. ಹೂಂ ಎಂದರೆ ಹಣ ಹೋಯಿತು. ಊಹೂಂ ಎಂದರೆ ಮನಸ್ಸಿನಲ್ಲಿ ಅಳುಕು ಉಳಿಯಿತು. ಈ ಪ್ರಶ್ನೆಗೆ ಭಯದಿಂದಾಗಲಿ ಜಂಬದಿಂದಾಗಲಿ ಉತ್ತರ ಕೊಡಬಾರದು. ಲೆಕ್ಕದಿಂದ ಉತ್ತರ ಕೊಡಬೇಕು. ಆ ಲೆಕ್ಕಕ್ಕೆ ಬೇಕಾದ ಗಣಿತವು ನಮ್ಮ ಶಾಲೆಯ ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದಲ್ಲ. ಅದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಮಾರುವುದು ಏನನ್ನು?

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ರಕ್ಷಣೆ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ.

ಮೊದಲನೆಯದು ವಾರಂಟಿ. ತಯಾರಕನು ತನ್ನ ವಸ್ತುವಿನಲ್ಲಿ ತಾನೇ ಮಾಡಿದ ದೋಷಕ್ಕೆ ಹೊಣೆಯಾಗುವೆನೆಂದು ಕೊಡುವ ಮಾತು ಇದು. ಸಾಮಾನ್ಯವಾಗಿ ಇದರ ಅವಧಿ ಒಂದು ವರ್ಷ; ಇದಕ್ಕೆ ಪ್ರತ್ಯೇಕ ಹಣವಿಲ್ಲ. ಆದರೆ ಫೋನು ನಮ್ಮ ಕೈಯಿಂದ ಬಿದ್ದು ಒಡೆದರೆ, ಅಥವಾ ನೀರಿಗೆ ಬಿದ್ದರೆ, ಇದು ನೆರವಿಗೆ ಬಾರದು.

ಎರಡನೆಯದು ವಿಸ್ತರಿಸಿದ ವಾರಂಟಿ. ಅದೇ ತಯಾರಿಕೆಯ ದೋಷಕ್ಕೆ ಇನ್ನೊಂದು ವರ್ಷವೋ ಎರಡು ವರ್ಷವೋ ಹೊಣೆಯನ್ನು ಮುಂದುವರಿಸುವುದು. ಇದು ಮೊದಲ ವಾರಂಟಿ ಮುಗಿದ ಮೇಲೆ ಜಾರಿಗೆ ಬರುತ್ತದೆ. ಫೋನನ್ನು ಒಂದು ವರ್ಷ ಬಳಸಿ ಮಾರಿಬಿಡುವವನಿಗೆ ಇದರಿಂದ ಕಾಸಿನ ಉಪಯೋಗವೂ ಇಲ್ಲ.

ಮೂರನೆಯದು ಆಕಸ್ಮಿಕ ಹಾನಿಯ ರಕ್ಷಣೆ. ಬಿದ್ದು ಒಡೆಯುವುದು, ನೀರು ಹೊಗುವುದು ಮುಂತಾದವು ಇದರಲ್ಲಿ ಸೇರುತ್ತವೆ. ಕೆಲವು ಯೋಜನೆಗಳಲ್ಲಿ ಕಳವೂ ಸೇರುತ್ತದೆ; ಹಲವದರಲ್ಲಿ ಸೇರುವುದಿಲ್ಲ. ಇದರಲ್ಲಿಯೂ ಎರಡು ಬಗೆಯುಂಟು. ವಿಮಾ ಕಂಪನಿಯು ಕೊಟ್ಟರೆ ಅದು ವಿಮೆ. ಅದರ ಮೇಲೆ ೧೯೯೯ರ ಕಾಯಿದೆಯಿಂದ ಸ್ಥಾಪಿತವಾದ ವಿಮಾ ನಿಯಂತ್ರಣ ಪ್ರಾಧಿಕಾರದ ಅಧಿಕಾರ ನಡೆಯುತ್ತದೆ, ವ್ಯಾಜ್ಯವನ್ನು ವಿಮಾ ಓಂಬುಡ್ಸ್‌ಮನ್ನರ ಮುಂದೆ ಒಯ್ಯಬಹುದು. ತಯಾರಕನೋ ಅಂಗಡಿಯವನೋ ಕೊಟ್ಟ ಬರಿಯ ಸೇವಾ ಒಪ್ಪಂದವಾದರೆ ಆ ದಾರಿಯಿಲ್ಲ. ಗ್ರಾಹಕ ಆಯೋಗದ ದಾರಿ ಮಾತ್ರ ಇರುತ್ತದೆ. ಆದುದರಿಂದ “ಇದು ಯಾವ ಬಗೆಯದು? ಪತ್ರದ ಮೇಲೆ ಯಾರ ಹೆಸರಿದೆ?” ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ.

ವಿಮೆಯ ತತ್ತ್ವ

ನನ್ನ ಫೋನು ಈ ವರ್ಷ ಒಡೆಯುವುದೋ ಇಲ್ಲವೋ ಯಾರೂ ಹೇಳಲಾರರು. ಆದರೆ ಸಾವಿರ ಜನರ ಸಾವಿರ ಫೋನುಗಳಲ್ಲಿ ಸುಮಾರು ಎಷ್ಟು ಒಡೆಯುವುವೆಂಬುದನ್ನು ಹಿಂದಿನ ಅನುಭವದಿಂದ ಹೇಳಬಹುದು. ಬಿಡಿಯಲ್ಲಿ ಅನಿಶ್ಚಿತವಾದುದು ಇಡಿಯಲ್ಲಿ ನಿಶ್ಚಿತವಾಗುತ್ತ ಹೋಗುತ್ತದೆ. ಈ ನಿಯಮವನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಸಿದ್ಧಪಡಿಸಿದನು. ಅವನು ತೀರಿಕೊಂಡ ಮೇಲೆ, ೧೭೧೩ರಲ್ಲಿ, ಅದು ಪುಸ್ತಕರೂಪದಲ್ಲಿ ಹೊರಬಂದಿತು. ಇಂದಿನ ಎಲ್ಲ ವಿಮೆಗೂ ಇದೇ ತಳಹದಿ.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು ೧೯೧೫ರಲ್ಲಿಯೇ ರೈತರಿಗೆ ಮಳೆಯ ವಿಮೆಯೊಂದನ್ನು ಸೂಚಿಸಿದರು. ೧೯೨೦ರಲ್ಲಿ ಬೇಸಾಯದ ವಿಮೆಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟವನ್ನು ಅಳೆಯುವುದು ಆಗದ ಮಾತು. ಆದುದರಿಂದ ಒಂದು ಪ್ರದೇಶದಲ್ಲಿ ಬಿದ್ದ ಮಳೆಯನ್ನು ಅಳೆದು, ಅದು ಗೊತ್ತಾದ ಪ್ರಮಾಣಕ್ಕಿಂತ ಕಡಮೆಯಾದರೆ ವಿಮೆ ಮಾಡಿಸಿದ ಎಲ್ಲರಿಗೂ ಹಣ ಕೊಡಬೇಕು, ಎಂಬುದು ಅವರ ಯುಕ್ತಿ. ಇಂದು ಪಿಂಪಳಗಾಂವಿನ ಸುತ್ತಣ ದ್ರಾಕ್ಷಿತೋಟಗಳಿಗೆ ದೊರೆಯುವ ಹವಾಮಾನ ಆಧಾರಿತ ಬೆಳೆವಿಮೆಯ ತಿರುಳೂ ಇದೇ. ಮೈಸೂರಿನಲ್ಲಿ ಮೊಳೆತ ವಿಚಾರವು ನೂರು ವರ್ಷಗಳ ಮೇಲೆ ಗೋದಾವರಿಯ ಬಯಲಿನಲ್ಲಿ ಫಲ ಕೊಡುತ್ತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಒಂದು ಲೆಕ್ಕ

ಈಗ ಫೋನಿನ ಮಾತಿಗೆ ಬರೋಣ. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ಊಹಿಸಿಕೊಂಡವು. ನಿಮ್ಮ ಊರಿನ ಅಂಗಡಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿರಿ.

ಪಿಂಪಳಗಾಂವಿನ ಒಬ್ಬ ದ್ರಾಕ್ಷಿ ಬೆಳೆಗಾರನು ೨೦,೦೦೦ ರೂಪಾಯಿಯ ಫೋನನ್ನು ಕೊಂಡನೆನ್ನೋಣ. ಒಂದು ವರ್ಷದ ಆಕಸ್ಮಿಕ ಹಾನಿಯ ರಕ್ಷಣೆಗೆ ೧,೫೦೦ ರೂಪಾಯಿ. ಪರದೆ ಒಡೆದರೆ ದುರಸ್ತಿಗೆ ೬,೦೦೦ ರೂಪಾಯಿ ಬೇಕು. ಆದರೆ ಯೋಜನೆಯ ನಿಯಮದಂತೆ ಪ್ರತಿ ದುರಸ್ತಿಗೂ ಮೊದಲ ೫೦೦ ರೂಪಾಯಿಯನ್ನು ಗ್ರಾಹಕನೇ ತೆರಬೇಕು. ಆದುದರಿಂದ ಪರದೆ ಒಡೆದಾಗ ಅವನಿಗೆ ನಿಜವಾಗಿ ಆಗುವ ಉಪಕಾರ ೬,೦೦೦ ಅಲ್ಲ, ೫,೫೦೦. ಫೋನು ಸಂಪೂರ್ಣವಾಗಿ ಹಾಳಾದರೆ ಬಳಸಿ ಹಳತಾದ ಅದರ ಆಗಿನ ಬೆಲೆಯನ್ನು ೧೪,೦೦೦ ಎಂದು ಕಟ್ಟುತ್ತಾರೆನ್ನೋಣ. ೫೦೦ ಕಳೆದರೆ ೧೩,೫೦೦.

ಇನ್ನು ಸಂಭಾವ್ಯತೆ. ಅವನ ಮನೆಯಲ್ಲಿ ನಾಲ್ಕು ಜನರು ಐದು ವರ್ಷ ಫೋನು ಬಳಸಿದ್ದಾರೆ. ಎಂದರೆ ಒಟ್ಟು ೨೦ ಫೋನ್-ವರ್ಷಗಳು. ಅಷ್ಟರಲ್ಲಿ ಎರಡು ಸಲ ಪರದೆ ಒಡೆದಿದೆ. ಹಾಗಾದರೆ ವರ್ಷಕ್ಕೆ ನೂರಕ್ಕೆ ಹತ್ತು. ಸಂಪೂರ್ಣ ನಾಶವು ಅಪರೂಪ. ನೂರಕ್ಕೆ ಎರಡು ಎಂದು ಇಟ್ಟುಕೊಳ್ಳೋಣ.

ಪರದೆಯಿಂದ ನಿರೀಕ್ಷಿಸಬಹುದಾದ ಲಾಭ: ೫,೫೦೦ರ ಹತ್ತನೆಯ ಒಂದು ಭಾಗ, ೫೫೦ ರೂಪಾಯಿ.
ನಾಶದಿಂದ ನಿರೀಕ್ಷಿಸಬಹುದಾದ ಲಾಭ: ೧೩,೫೦೦ರಲ್ಲಿ ನೂರಕ್ಕೆ ಎರಡರಂತೆ, ೨೭೦ ರೂಪಾಯಿ.
ಒಟ್ಟು: ೮೨೦ ರೂಪಾಯಿ.

ಕೊಡುವುದು ೧,೫೦೦, ಸರಾಸರಿಯಲ್ಲಿ ಹಿಂದಿರುಗುವುದು ೮೨೦. ಇದನ್ನೇ ಮಾರುವವನ ಕಡೆಯಿಂದ ನೋಡಿರಿ. ಇಂತಹ ಸಾವಿರ ಜನರಿಂದ ಅವನಿಗೆ ೧೫ ಲಕ್ಷ ಬಂದಿತು. ದುರಸ್ತಿಗೆ ೮ ಲಕ್ಷ ೨೦ ಸಾವಿರ ಹೋಯಿತು. ಉಳಿದ ೬ ಲಕ್ಷ ೮೦ ಸಾವಿರದಲ್ಲಿ ತೆರಿಗೆ, ಅಂಗಡಿಯವನ ಕಮಿಷನ್, ಕಚೇರಿಯ ಖರ್ಚು ಮತ್ತು ಲಾಭ ಎಲ್ಲವೂ ಅಡಗಿವೆ. ಇದನ್ನು ಮೋಸವೆನ್ನಲಾಗದು, ಯಾವ ವಿಮೆಯೂ ಖರ್ಚಿಲ್ಲದೆ ನಡೆಯದು. ಆದರೆ ‘ವಿಮೆಯಿಂದ ಹಣ ಉಳಿಯುತ್ತದೆ’ ಎಂಬ ಮಾತು ಸರಾಸರಿ ಗ್ರಾಹಕನ ಮಟ್ಟಿಗೆ ಸುಳ್ಳೆಂಬುದನ್ನು ತಿಳಿದಿರಬೇಕು. ಅವನು ಕೊಳ್ಳುವುದು ನೆಮ್ಮದಿಯನ್ನು; ಇಲ್ಲಿ ಆ ನೆಮ್ಮದಿಯ ಬೆಲೆ ೬೮೦ ರೂಪಾಯಿ.

ಯಾವಾಗ ಈ ಕೊಳ್ಳುವಿಕೆ ಸಮವಾಗುತ್ತದೆ? ೧,೫೦೦ರಿಂದ ೨೭೦ನ್ನು ಕಳೆದು, ಉಳಿದ ೧,೨೩೦ನ್ನು ೫,೫೦೦ರಿಂದ ಭಾಗಿಸಿದರೆ ನೂರಕ್ಕೆ ಸುಮಾರು ೨೨ ಬರುತ್ತದೆ. ಎಂದರೆ, ನಾಲ್ಕೈದು ವರ್ಷಕ್ಕೊಮ್ಮೆ ಪರದೆಯನ್ನು ಒಡೆದುಕೊಳ್ಳುವವನಿಗೆ ಯೋಜನೆ ಸರಿಸಮ. ವರ್ಷವರ್ಷವೂ ಒಡೆದುಕೊಳ್ಳುವವನಿಗೆ ಲಾಭ. ಜೋಪಾನದಿಂದ ಬಳಸುವವನಿಗೆ ನಷ್ಟ. ಇಂತಹ ಯೋಜನೆಗಳನ್ನು ಹೆಚ್ಚಾಗಿ ಕೊಳ್ಳುವವರು ಒಡೆದುಕೊಳ್ಳುವವರೇ ಆದುದರಿಂದ ಬೆಲೆಯೂ ಅವರಿಗೆ ಸರಿಯಾಗಿಯೇ ಏರುತ್ತದೆ. ಎಚ್ಚರದ ಮನುಷ್ಯನು ಅಜಾಗರೂಕನ ಸಾಲವನ್ನು ತೀರಿಸಿದಂತಾಗುತ್ತದೆ.

ಹಾಗಾದರೆ ವಿಮೆಯೇ ಬೇಡವೆ?

ಸರಾಸರಿ ನಷ್ಟವೆಂದ ಮಾತ್ರಕ್ಕೆ ವಿಮೆ ನಿಷ್ಪ್ರಯೋಜಕವೆನ್ನಬಾರದು. ಯಾಕೋಬನ ಅಣ್ಣತಮ್ಮಂದಿರ ಮಗ ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಒಂದು ಚೆಲುವಾದ ಸಮಸ್ಯೆಯನ್ನು ಬಿಡಿಸಿದನು. ಪೀಟರ್ಸ್‌ಬರ್ಗಿನ ವರ್ತಕನೊಬ್ಬನು ಆಮ್‌ಸ್ಟರ್ಡಾಮಿನಲ್ಲಿ ಸರಕನ್ನು ಕೊಂಡಿದ್ದಾನೆ. ಅದು ಊರು ಸೇರಿದರೆ ೧೦,೦೦೦ ರೂಬಲ್ ಸಿಕ್ಕುತ್ತದೆ. ಆ ಕಾಲದಲ್ಲಿ ನೂರು ಹಡಗುಗಳಲ್ಲಿ ಐದು ಮುಳುಗುತ್ತವೆ. ವಿಮೆಗೆ ೮೦೦ ರೂಬಲ್ ಕೇಳುತ್ತಾರೆ. ಸರಾಸರಿ ನಷ್ಟವೋ ೫೦೦ ಮಾತ್ರ. ಹಾಗಾದರೆ ೮೦೦ ಕೊಡುವುದು ಮೂರ್ಖತನವೆ? ಡೇನಿಯಲನ ಉತ್ತರವೇನೆಂದರೆ, ಅದು ವರ್ತಕನ ಬಳಿ ಬೇರೆ ಎಷ್ಟು ಆಸ್ತಿ ಇದೆ ಎಂಬುದನ್ನು ಅವಲಂಬಿಸಿದೆ. ಅದು ೫,೦೪೩ ರೂಬಲಿಗಿಂತ ಕಡಮೆಯಾದರೆ ವಿಮೆ ಮಾಡಿಸುವುದೇ ವಿವೇಕ. ಅದಕ್ಕಿಂತ ಹೆಚ್ಚಾದರೆ ಮಾಡಿಸದಿರುವುದೇ ವಿವೇಕ. ಏಕೆಂದರೆ ಒಂದು ರೂಬಲಿನ ಬೆಲೆ ಬಡವನಿಗೂ ಶ್ರೀಮಂತನಿಗೂ ಒಂದೇ ಅಲ್ಲ. ಇರುವುದೆಲ್ಲ ಹೋಗಿಬಿಡುವಂತಹ ನಷ್ಟಕ್ಕೆ ವಿಮೆ ಬೇಕು. ನೊಂದುಕೊಂಡು ತಾಳಿಕೊಳ್ಳಬಹುದಾದ ನಷ್ಟಕ್ಕೆ ಬೇಡ.

ಈ ಅಳತೆಗೋಲಿನಿಂದ ಪಿಂಪಳಗಾಂವಿನ ದ್ರಾಕ್ಷಿತೋಟವನ್ನು ನೋಡಿರಿ. ಅಕ್ಟೋಬರಿನ ಸುಮಾರಿಗೆ ಬಳ್ಳಿಯನ್ನು ಸವರುತ್ತಾರೆ. ಹಣ್ಣು ಕೊಯ್ಲಿಗೆ ಬರುವುದು ಜನವರಿಯಿಂದೀಚೆಗೆ. ನಡುವೆ ಅಕಾಲದ ಮಳೆಯೋ ಆಲಿಕಲ್ಲೋ ಬಿದ್ದರೆ ಇಡೀ ವರ್ಷದ ದುಡಿಮೆ ಮಣ್ಣಾಗುತ್ತದೆ. ೨೦೧೪ರ ಫೆಬ್ರವರಿ-ಮಾರ್ಚಿಯಲ್ಲಿ ಮಹಾರಾಷ್ಟ್ರದ ಹಲವು ಜಿಲ್ಲೆಗಳಲ್ಲಿ ಹೀಗಾಯಿತು. ೨೦೨೩ರ ನವೆಂಬರಿನ ಕೊನೆಯ ವಾರದಲ್ಲಿ ನಾಸಿಕ ಜಿಲ್ಲೆಯ ತೋಟಗಳ ಮೇಲೆ ಮತ್ತೆ ಆಲಿಕಲ್ಲು ಸುರಿಯಿತು. ಇಂತಹ ಪೆಟ್ಟನ್ನು ಒಂದು ಸಂಸಾರವು ಒಂಟಿಯಾಗಿ ತಾಳಲಾರದು. ಅಲ್ಲದೆ ಆಲಿಕಲ್ಲು ಊರಿಗೆ ಊರನ್ನೇ ಹೊಡೆಯುತ್ತದೆ. ನೆರೆಯವನಿಂದ ಕೈಗಡ ತರೋಣವೆಂದರೆ ಅವನ ತೋಟವೂ ನೆಲ ಹಿಡಿದಿರುತ್ತದೆ. ಈ ಕಾರಣದಿಂದಲೇ ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಬೆಳೆವಿಮೆ ಮತ್ತು ಪುನಾರಚಿತ ಹವಾಮಾನ ವಿಮೆಗಳಲ್ಲಿ ತೋಟದ ಬೆಳೆಗೆ ರೈತನ ಪಾಲು ಸಾಮಾನ್ಯವಾಗಿ ವಿಮಾಮೊತ್ತದ ನೂರಕ್ಕೆ ಐದಕ್ಕೆ ಮೀರದಂತೆ ಮಿತಿಯನ್ನು ಇಟ್ಟು, ಉಳಿದುದನ್ನು ಸರ್ಕಾರಗಳು ಹೊರುವಂತೆ ಮಾಡಿದರು.

ಫೋನಿನ ಸಂಗತಿ ಬೇರೆ. ಅದು ಒಬ್ಬೊಬ್ಬರದಾಗಿ ಒಡೆಯುತ್ತದೆ; ನಷ್ಟಕ್ಕೆ ಒಂದು ಮಿತಿಯಿದೆ; ಸರ್ಕಾರದ ನೆರವೂ ಇಲ್ಲ. ತೋಟದ ವಿಮೆಯ ಕಂತನ್ನು ಕಟ್ಟದೆ ಬಿಟ್ಟು ಫೋನಿನ ರಕ್ಷಣೆಗೆ ಹಣ ಕೊಟ್ಟ ಬೆಳೆಗಾರನು, ಹಟ್ಟಿಯ ಬಾಗಿಲನ್ನು ತೆರೆದಿಟ್ಟು ಹಗ್ಗಕ್ಕೆ ಬೀಗ ಹಾಕಿದವನಂತೆ.

ಕೂಲಿಯವನ ಲೆಕ್ಕ

ಹಾಗಾದರೆ ಅದೇ ತೋಟದಲ್ಲಿ ದಿನಗೂಲಿಗೆ ದುಡಿಯುವವನ ಗತಿಯೇನು? ಬರ್ನೂಲಿಯ ಮಾತಿನಂತೆ ಅವನಿಗೇ ವಿಮೆ ಹೆಚ್ಚು ಬೇಕಲ್ಲವೆ? ಇದು ಯೋಗ್ಯವಾದ ಪ್ರಶ್ನೆ. ಇದನ್ನು ನಿಧಾನವಾಗಿ ನೋಡಬೇಕು.

ಅವನು ೧೨,೦೦೦ ರೂಪಾಯಿಯ ಫೋನನ್ನು ತಿಂಗಳ ಕಂತಿನ ಮೇಲೆ ಕೊಂಡಿದ್ದಾನೆ. ರಕ್ಷಣೆಗೆ ೧,೨೦೦ ರೂಪಾಯಿ. ಪರದೆ ಒಡೆದರೆ ಕಂಪನಿಯ ಸೇವಾಕೇಂದ್ರದಲ್ಲಿ ೪,೦೦೦ ಆಗುತ್ತದೆ. ಆದರೆ ಯೋಜನೆಯಿಲ್ಲದಿದ್ದರೆ ಅವನು ಸೇವಾಕೇಂದ್ರಕ್ಕೆ ಹೋಗುವವನೇ ಅಲ್ಲ. ಪೇಟೆಯ ದುರಸ್ತಿಯವನ ಬಳಿ ೨,೫೦೦ರಲ್ಲಿ ಬೇರೆ ಪರದೆಯನ್ನು ಹಾಕಿಸುತ್ತಾನೆ. ಅದು ಕಂಪನಿಯ ಪರದೆಯಷ್ಟು ಒಳ್ಳೆಯದಲ್ಲದಿರಬಹುದು. ಆದರೂ ಕೆಲಸ ನಡೆಯುತ್ತದೆ. ಆದುದರಿಂದ ಯೋಜನೆಯಿಂದ ಅವನಿಗೆ ಉಳಿಯುವುದು ೪,೦೦೦ ಅಲ್ಲ, ೨,೫೦೦. ಅದರಲ್ಲಿ ಅವನೇ ತೆರಬೇಕಾದ ಮೊದಲ ೪೦೦ ರೂಪಾಯಿ ಹೋಯಿತು. ಸೇವಾಕೇಂದ್ರ ನಾಸಿಕದಲ್ಲಿದ್ದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚೆಂದು ೬೦೦ ಹೋಯಿತು. ಉಳಿದದ್ದು ೧,೫೦೦. ಸಂಪೂರ್ಣ ನಾಶವಾದರೆ ೮,೦೦೦ ಬೆಲೆ ಕಟ್ಟಿದರೂ ಅದೇ ಸಾವಿರವನ್ನು ಕಳೆದು ೭,೦೦೦ ಉಳಿಯುತ್ತದೆ.

ಹೊಲದ ಕೆಲಸದವನ ಫೋನಿಗೆ ಅಪಾಯ ಹೆಚ್ಚು. ಪರದೆಗೆ ನೂರಕ್ಕೆ ೨೦, ನಾಶಕ್ಕೆ ನೂರಕ್ಕೆ ೪ ಎಂದು ಇಡೋಣ. ೩೦೦ ಮತ್ತು ೨೮೦ ಸೇರಿ ೫೮೦ ರೂಪಾಯಿ. ಕೊಡುವುದು ೧,೨೦೦! ಅಪಾಯವು ಇಮ್ಮಡಿಯಾದರೂ ಯೋಜನೆಯು ಅವನಿಗೆ ಬೆಳೆಗಾರನಿಗಿಂತಲೂ ದುಬಾರಿಯಾಯಿತು. ಕಾರಣವು ಸ್ಪಷ್ಟ: ಬಡವನಿಗೆ ದೂರವೂ ಕಾಲವೂ ಖರ್ಚೇ. ಆ ಖರ್ಚನ್ನು ಯೋಜನೆಯ ಕಾಗದದಲ್ಲಿ ಯಾರೂ ಬರೆದಿರುವುದಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಅವನಿಗೆ ಅನ್ಯಾಯವಾಗುತ್ತದೆ. ೨,೫೦೦ ರೂಪಾಯಿ ಅವನಲ್ಲಿ ಒಮ್ಮೆಗೇ ಇರುವುದಿಲ್ಲ. ಫೋನು ಹದಿನೈದು ದಿನ ಮೂಲೆಯಲ್ಲಿ ಬಿದ್ದರೆ ಕೆಲಸದ ಕರೆ ತಪ್ಪುತ್ತದೆ. ಬಡ್ಡಿಗೆ ಸಾಲ ತಂದರೆ ದುರಸ್ತಿಯ ಖರ್ಚು ಇಮ್ಮಡಿಯಾಗುತ್ತದೆ. ಅವನ ನಿಜವಾದ ಸಂಕಟವು ಒಡೆದ ಪರದೆಯಲ್ಲ, ಕೈಯಲ್ಲಿ ಹಣವಿಲ್ಲದಿರುವುದು. ಆದುದರಿಂದ ತಿಂಗಳಿಗೆ ನೂರು ರೂಪಾಯಿಯಂತೆ ಅಂಚೆ ಕಚೇರಿಯ ಉಳಿತಾಯದ ಖಾತೆಗೆ ಹಾಕಿದರೆ, ವರ್ಷಕ್ಕೆ ಅದೇ ೧,೨೦೦ ರೂಪಾಯಿ. ಫೋನು ಒಡೆಯದಿದ್ದರೆ ಅಷ್ಟೂ ಅವನದೇ. ಎರಡು ವರ್ಷಕ್ಕೆ ಒಂದು ಪರದೆಯ ಬೆಲೆಗೆ ಹತ್ತಿರವಾಗುತ್ತದೆ. ಮೊದಲ ವರ್ಷದ ಅಪಾಯಕ್ಕೆ ಹಳೆಯ ಗುಂಡಿಯ ಫೋನೊಂದನ್ನು ಮನೆಯಲ್ಲಿ ಇಟ್ಟುಕೊಂಡಿರುವುದೇ ಅಗ್ಗದ ವಿಮೆ. ಕೆಲಸದ ಕರೆಯಾದರೂ ತಪ್ಪದು. ಸೇವಾಕೇಂದ್ರವು ಊರಿನಲ್ಲೇ ಇದ್ದು, ಹಣ ಕೂಡಿಡಲು ಎಳ್ಳಷ್ಟೂ ಅವಕಾಶವಿಲ್ಲದೆ, ಸಾಲದ ಬಡ್ಡಿಯೂ ವಿಪರೀತವಾಗಿದ್ದರೆ, ಅಂತಹವನು ಯೋಜನೆಯನ್ನು ಕೊಂಡರೆ ಅವನನ್ನು ತಪ್ಪೆನ್ನಲಾಗದು. ಆಗಲೂ ಅದರ ಹಣವನ್ನು ಕಂತಿನ ಸಾಲದಲ್ಲಿ ಸೇರಿಸದಿರುವುದು ಲೇಸು. ಸೇರಿಸಿದರೆ ರಕ್ಷಣೆಗೂ ಬಡ್ಡಿ ತೆರಬೇಕಾದೀತು.

ಕಾಗದವನ್ನು ಓದುವ ಕ್ರಮ

ಕೊಳ್ಳುವುದೆಂದು ನಿಶ್ಚಯಿಸಿದವನು ಸಹಿ ಮಾಡುವ ಮೊದಲು ಆರು ಸಂಗತಿಗಳನ್ನು ಬರವಣಿಗೆಯಲ್ಲಿ ನೋಡಿಕೊಳ್ಳಬೇಕು. ಅವಧಿಯು ಯಾವ ದಿನದಿಂದ ಯಾವ ದಿನದವರೆಗೆ? ಪ್ರತಿ ಸಲ ಕೈಯಿಂದ ತೆರಬೇಕಾದ ಹಣವೆಷ್ಟು? ವರ್ಷಕ್ಕೆ ಎಷ್ಟು ಸಲ ದುರಸ್ತಿ? ಕಳವು ಮತ್ತು ನೀರು ಸೇರಿವೆಯೆ? ಹಳತಾದಂತೆ ಬೆಲೆಯನ್ನು ಯಾವ ಪ್ರಮಾಣದಲ್ಲಿ ಇಳಿಸುತ್ತಾರೆ? ಹಾನಿಯಾದ ಎಷ್ಟು ದಿನದೊಳಗೆ, ಯಾವ ಊರಿನಲ್ಲಿ, ಯಾವ ದಾಖಲೆಯೊಡನೆ ತಿಳಿಸಬೇಕು? ‘ಕಳವು’ ಬೇರೆ, ‘ಕಳೆದುಹೋಗುವುದು’ ಬೇರೆ. ಬಸ್ಸಿನಲ್ಲಿ ಮರೆತು ಬಿಟ್ಟುಬಂದ ಫೋನಿಗೆ ಎಷ್ಟೋ ಯೋಜನೆಗಳಲ್ಲಿ ಪರಿಹಾರವಿಲ್ಲ. ಬ್ಯಾಟರಿಯು ಬಳಕೆಯಿಂದ ಸವೆಯುವುದು ಸಹಜ ಧರ್ಮ. ಅದನ್ನೂ ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ಕಾನೂನಿನ ಆಸರೆಯನ್ನೂ ತಿಳಿದಿರಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ೨೦ರಿಂದ ಜಾರಿಯಲ್ಲಿದೆ. ತಯಾರಿಕೆಯ ದೋಷಕ್ಕೆ ಪರಿಹಾರವನ್ನು ಕೇಳುವ ಹಕ್ಕು ಯಾವ ರಕ್ಷಣಾ ಯೋಜನೆಯನ್ನೂ ಕೊಳ್ಳದವನಿಗೂ ಇದೆ. ಅಂತರ್ಜಾಲದ ಅಂಗಡಿಗಳು ಗ್ರಾಹಕನ ಒಪ್ಪಿಗೆಯಿಲ್ಲದೆ ಅವನ ಬುಟ್ಟಿಗೆ ಇಂತಹ ಯೋಜನೆಯನ್ನು ತಾವಾಗಿಯೇ ಸೇರಿಸುವುದನ್ನು ೨೦೨೩ರ ನವೆಂಬರಿನಲ್ಲಿ ಹೊರಟ ಮಾರ್ಗಸೂಚಿಯು ನಿಷೇಧಿಸಿದೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಹಣವಿಲ್ಲದ ರಕ್ಷಣೆ

ಯೋಜನೆಯನ್ನು ಕೊಂಡವರೂ ಕೊಳ್ಳದವರೂ ಮಾಡಬೇಕಾದ ಕೆಲವು ಕೆಲಸಗಳಿವೆ. ಗಟ್ಟಿಯಾದ ಕವಚ ಮತ್ತು ಪರದೆಯ ಮೇಲಿನ ಗಾಜು ಕೆಲವು ನೂರು ರೂಪಾಯಿಯಲ್ಲಿ ದೊರೆಯುತ್ತವೆ. ಇವು ಒಡೆಯುವ ಸಂಭಾವ್ಯತೆಯನ್ನೇ ಇಳಿಸುತ್ತವೆ. ಯಾವ ವಿಮೆಯೂ ಈ ಕೆಲಸವನ್ನು ಮಾಡಲಾರದು. ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಬೇರೊಂದು ಕಡೆ ನಕಲು ಮಾಡಿಡಬೇಕು. ಹೋದ ಫೋನಿಗೆ ಹಣ ಬಂದೀತು, ತೀರಿಹೋದ ಅಜ್ಜಿಯ ಚಿತ್ರ ಬಾರದು. *#೦೬# ಎಂದು ಒತ್ತಿದರೆ ಕಾಣುವ ೧೫ ಅಂಕಿಗಳ ಗುರುತುಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಫೋನು ಕಳುವಾದರೆ ಪೊಲೀಸರಿಗೆ ದೂರು ಕೊಟ್ಟು, ೨೦೨೩ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ ಸಾಥಿ ಎಂಬ ಸರ್ಕಾರಿ ವ್ಯವಸ್ಥೆಯ ಮೂಲಕ ಆ ಸಂಖ್ಯೆಯನ್ನು ತಡೆಹಿಡಿಸಬಹುದು, ಇದಕ್ಕೆ ಶುಲ್ಕವಿಲ್ಲ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಮೊದಲು ನಷ್ಟವನ್ನು ತೂಗಿ ನೋಡು. ಅದು ತಾಳಿಕೊಳ್ಳಬಹುದಾದುದೆ ಎಂದು ಕೇಳಿಕೋ. ತಾಳಬಹುದಾದರೆ ವಿಮೆಯ ಹಣವನ್ನು ನಿನ್ನ ಗಂಟಿನಲ್ಲೇ ಇಡು. ತಾಳಲಾರದ್ದಾದರೆ, ಯೋಜನೆಯು ನಿಜವಾಗಿ ಎಷ್ಟನ್ನು ಹಿಂದಿರುಗಿಸುವುದೆಂದು ಎಲ್ಲ ಖರ್ಚನ್ನೂ ಕಳೆದು ಲೆಕ್ಕ ಹಾಕು, ಆಮೇಲೆ ತೀರ್ಮಾನಿಸು. ತೋಟಕ್ಕೂ, ಮನೆಗೂ, ದುಡಿಯುವ ಮನುಷ್ಯನ ಆರೋಗ್ಯಕ್ಕೂ ಪ್ರಾಣಕ್ಕೂ ವಿಮೆ ಮೊದಲು. ಗಾಜಿನ ಪರದೆಗೆ ಆಮೇಲೆ. ಅಂಗಡಿಯಲ್ಲಿ ತಂದೆಯವರ ಪಕ್ಕದಲ್ಲಿ ನಿಂತಿರುವ ವಿದ್ಯಾರ್ಥಿಯು ಒಂದು ಚೀಟಿಯ ಮೇಲೆ ಈ ಭಾಗಾಕಾರವನ್ನು ಮಾಡಿ ತೋರಿಸಬಲ್ಲನಾದರೆ, ತರಗತಿಯಲ್ಲಿ ಕಲಿತ ಸಂಭಾವ್ಯತೆಯ ಪಾಠ ಅಂದು ಮನೆಗೆ ಬಂದಿತೆಂದು ತಿಳಿಯಬೇಕು.

ಅಭ್ಯಾಸ

೧. ಯೋಜನೆಯ ಬೆಲೆ ೯೦೦ ರೂಪಾಯಿ. ಕೈಯಿಂದ ತೆರಬೇಕಾದುದು ೩೦೦. ಪರದೆಯ ದುರಸ್ತಿಗೆ ೩,೩೦೦. ನೂರಕ್ಕೆ ಎಷ್ಟು ಸಂಭಾವ್ಯತೆಯಿದ್ದರೆ ಯೋಜನೆ ಸರಿಸಮ? (ಉತ್ತರ: ೩೦)

೨. ನಿಮ್ಮ ಮನೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಫೋನ್-ವರ್ಷಗಳಾಗಿವೆ? ಎಷ್ಟು ಸಲ ಪರದೆ ಒಡೆದಿದೆ? ಅದರಿಂದ ನಿಮ್ಮ ಮನೆಯ ಸಂಭಾವ್ಯತೆಯನ್ನು ಕಂಡುಹಿಡಿಯಿರಿ.

೩. ಮೇಲಿನ ಕೂಲಿಯವನ ಊರಿನಲ್ಲೇ ಸೇವಾಕೇಂದ್ರ ತೆರೆದರೆ, ೬೦೦ ರೂಪಾಯಿಯ ಖರ್ಚು ತಪ್ಪುತ್ತದೆ. ಆಗ ನಿರೀಕ್ಷಿಸಬಹುದಾದ ಲಾಭವೆಷ್ಟು? (ಉತ್ತರ: ೪೨೦ ಮತ್ತು ೩೦೪ ಸೇರಿ ೭೨೪ ರೂಪಾಯಿ)